ಎಣ್ಣೆಗೆ ಬಗ್ಗದ ಹುಳುವಿಗೂ ಒಂದು ಕ್ಯಾಲೆಂಡರ್ ಇದೆ

ರಾಯಚೂರು ಸೀಮೆಯ ಹತ್ತಿ ಹೊಲಗಳಲ್ಲಿ ಜನವರಿ ಹೊತ್ತಿಗೆ ಅರ್ಧಂಬರ್ಧ ಬಿರಿದ ಕಾಯಿಗಳು ಗಿಡದಲ್ಲೇ ಉಳಿದಿರುತ್ತವೆ. ಬಿಡಿಸುವವರು ಬೇಡವೆಂದು ಬಿಟ್ಟುಹೋದವು. ಅಂಥದೊಂದು ಕಾಯಿ ಒಡೆದು, ಕಂದು ಕಲೆ ಹತ್ತಿದ ಅರಳೆಯನ್ನು ಬಿಡಿಸಿ ನೋಡಿದರೆ ಕೆಲವೊಮ್ಮೆ ಎರಡು ಬೀಜಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಉಗುರು ಹಾಕಿ ಬೇರ್ಪಡಿಸಿದರೆ ಎರಡೂ ಬೀಜ ಟೊಳ್ಳು. ನಡುವೆ ತೆಳುವಾದ ನೂಲು, ಆ ನೂಲಿನೊಳಗೆ ಮುದುಡಿ ಮಲಗಿದ, ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ಗುಲಾಬಿ ಬಣ್ಣದ ಹುಳು. ಮುಟ್ಟಿದರೆ ನಿಧಾನಕ್ಕೆ ಕೊಸರುತ್ತದೆ. ಅದು ತಿನ್ನುತ್ತಿಲ್ಲ, ಬೆಳೆಯುತ್ತಿಲ್ಲ, ಕೋಶಾವಸ್ಥೆಗೂ ಹೋಗುತ್ತಿಲ್ಲ. ಕಾಯುತ್ತಿದೆ.

ಇದು ಗುಲಾಬಿ ಕಾಯಿಕೊರಕ, ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ. ವಿಜ್ಞಾನದ ದಾಖಲೆಗೆ ಇದು ಸೇರಿದ್ದು 1840ರ ದಶಕದಲ್ಲಿ, ಗುಜರಾತಿನ ಭರೂಚ್ ಕಡೆಯ ಹತ್ತಿಯಿಂದ. ಈ ಹುಳು ಬೇಸಿಗೆ ಪೂರ್ತಿ ಹೀಗೇ ಕಳೆಯಬಲ್ಲದು, ಪರಿಸ್ಥಿತಿ ಕೈಕೊಟ್ಟರೆ ಅದಕ್ಕೂ ಹೆಚ್ಚು ಕಾಲ ಕಾಯಬಲ್ಲದು. ಕಳೆದ ಹಂಗಾಮಿನಲ್ಲಿ ಇದೇ ಹೊಲಕ್ಕೆ ಐದಾರು ಸಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿರುತ್ತಾರೆ. ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿದ್ದರಿಂದ ಗಿಡವೇ ತನ್ನೊಳಗೆ ತಯಾರಿಸುವ ಬಿಟಿ ವಿಷವೂ ಇದೆ. ಎರಡನ್ನೂ ದಾಟಿಕೊಂಡು ಬಂದು ಮಲಗಿದೆ.

ಕೀಟನಾಶಕವನ್ನು ನಾವು ಒಂದು ಅಸ್ತ್ರ ಅಂದುಕೊಂಡಿದ್ದೇವೆ. ಹುಳುವಿನ ಕಡೆಯಿಂದ ನೋಡಿದರೆ ಅದು ಇನ್ನೊಂದು ಬಗೆಯ ಕೆಟ್ಟ ಹವೆ. ಬರ, ಬಿಸಿಲು, ಚಳಿ, ಹಸಿವು, ಗಿಡವೇ ಒಸರುವ ವಿಷ, ಇವುಗಳ ಜೊತೆ ಕೀಟಗಳು ಸುಮಾರು 40 ಕೋಟಿ ವರ್ಷ ಬದುಕಿವೆ. ಅವುಗಳಿಗೆಂದು ಕಟ್ಟಿಕೊಂಡ ವ್ಯವಸ್ಥೆಯನ್ನೇ ಅವು ನಮ್ಮ ಡಬ್ಬಿಯ ವಿಷಕ್ಕೂ ಬಳಸುತ್ತವೆ. ಈ ಮಾತು ಅರ್ಥವಾದರೆ ಸುಸ್ಥಿರ ಕೀಟ ನಿಯಂತ್ರಣ ಎಂಬ ಪದಕ್ಕೂ ಒಂದು ಗಟ್ಟಿ ಅರ್ಥ ಬರುತ್ತದೆ. ಇಲ್ಲದಿದ್ದರೆ ಅದು ತರಬೇತಿ ಶಿಬಿರದ ಬ್ಯಾನರಿನ ಮೇಲೇ ಉಳಿಯುತ್ತದೆ.

ಒತ್ತಡ ಬಂದಾಗ ಹುಳುವಿನೊಳಗೆ ನಡೆಯುವುದೇನು

ಕೀಟದ ಮೈಗೆ ತನ್ನದೇ ಆದ ಬಿಸಿ ಇಲ್ಲ ಎಂದೇ ಹೇಳಬಹುದು. ಸುತ್ತಲಿನ ಗಾಳಿ 42 ಡಿಗ್ರಿಯಾದರೆ ಅದರ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಆ ಬಿಸಿಗೆ ಜೀವಕೋಶದೊಳಗಿನ ಪ್ರೋಟೀನುಗಳು ತಮ್ಮ ಮಡಿಕೆ ಕಳೆದುಕೊಂಡು ಒಂದಕ್ಕೊಂದು ಅಂಟಿ ಗಂಟಾಗತೊಡಗುತ್ತವೆ. ಆಗ ಹುಳು ಬೇರೆ ಕೆಲಸವನ್ನೆಲ್ಲ ನಿಧಾನ ಮಾಡಿ ಒಂದು ವಿಶೇಷ ಗುಂಪಿನ ಪ್ರೋಟೀನುಗಳನ್ನು ಭರದಿಂದ ತಯಾರಿಸುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಬಿಡದೆ ನಡೆಸಿಕೊಂಡು ಹೋಗುವ ಹಿರಿಯರ ಹಾಗೆ ಇವು ಉಳಿದ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಇವುಗಳ ಜಾಡು ಸಿಕ್ಕಿದ್ದು ಅಚಾನಕ್ಕಾಗಿ. ಇಟಲಿಯ ಫೆರುಚ್ಚೊ ರಿಟೋಸಾ ಎಂಬ ವಿಜ್ಞಾನಿ ಹಣ್ಣುನೊಣಗಳನ್ನು ಇಟ್ಟಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಪ್ರಯೋಗಾಲಯದಲ್ಲಿ ಯಾರೋ ಏರಿಸಿಬಿಟ್ಟಿದ್ದರು. ಮರಿಹುಳುಗಳ ವರ್ಣತಂತುಗಳಲ್ಲಿ ಎಂದೂ ಕಾಣದ ಜಾಗದಲ್ಲಿ ಉಬ್ಬುಗಳು ಎದ್ದಿದ್ದವು. 1962ರಲ್ಲಿ ಅವರು ಅದನ್ನು ಪ್ರಕಟಿಸಿದರು. ಬಿಸಿಲಿಗೆ ಹುಟ್ಟುವ ಈ ಪ್ರೋಟೀನುಗಳು ಚಳಿಗೂ, ಭಾರಲೋಹಕ್ಕೂ, ಎಷ್ಟೋ ಸಲ ಕೀಟನಾಶಕಕ್ಕೂ ಹುಟ್ಟುತ್ತವೆ ಎಂದು ಆಮೇಲೆ ತಿಳಿಯಿತು.

ವಿಷವನ್ನು ಒಡೆಯುವ ವ್ಯವಸ್ಥೆಯ ಕಥೆ ಇನ್ನೂ ಸೊಗಸಾಗಿದೆ. ಹತ್ತಿ ಗಿಡದ ಎಲೆ, ಕಾಯಿ, ಬೀಜಗಳ ಮೇಲೆ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಅವು ಗಾಸಿಪಾಲ್ ಎಂಬ ವಿಷ ತುಂಬಿದ ಗ್ರಂಥಿಗಳು. ಹತ್ತಿಕಾಳಿನ ಹಿಂಡಿಯನ್ನು ಕೋಳಿಗೆ, ಹಂದಿಗೆ ಹೆಚ್ಚು ಹಾಕಬಾರದು ಅನ್ನುವುದು ಇದೇ ಕಾರಣಕ್ಕೆ. ತೊಗರಿ, ಕಡಲೆ, ಹತ್ತಿ ಮೂರನ್ನೂ ಕೊರೆಯುವ ಹಸಿರು ಕಾಯಿಕೊರಕ ಈ ಗಾಸಿಪಾಲನ್ನು ತಿಂದರೆ ಅದರ ಕರುಳಿನಲ್ಲಿ ಪಿ450 ಎಂಬ ಕಿಣ್ವಗಳು ಹೆಚ್ಚು ಹೆಚ್ಚು ತಯಾರಾಗುತ್ತವೆ. ಗಿಡದ ವಿಷವನ್ನು ಕತ್ತರಿಸಿ ಹೊರಹಾಕುವ ಕಿಣ್ವಗಳಿವು. ಚೀನಾದ ವಿಜ್ಞಾನಿಗಳು ಗಾಸಿಪಾಲ್ ತಿನ್ನಿಸಿ ಬೆಳೆಸಿದ ಹುಳುಗಳಿಗೆ ಡೆಲ್ಟಾಮೆಥ್ರಿನ್ ಕೊಟ್ಟು ನೋಡಿದರು. ಅಂಥ ಹುಳುಗಳು ಆ ಕೀಟನಾಶಕವನ್ನೂ ಉಳಿದವಕ್ಕಿಂತ ಚೆನ್ನಾಗಿ ತಾಳಿಕೊಂಡವು. ಗಿಡದ ಜೊತೆಗಿನ ಹಳೆಯ ಜಗಳದಲ್ಲಿ ಕಲಿತದ್ದು ಹೊಸ ವಿಷಕ್ಕೂ ಒದಗಿತು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಹುಳಕ್ಕೆ ಎಣ್ಣೆ ರೂಢಿಯಾಗಿಬಿಟ್ಟಿದೆ" ಎಂದು ರೈತರು ಹೇಳುತ್ತಾರೆ, ಅಂಗಡಿಯವರೂ ಹೇಳುತ್ತಾರೆ. ಅರ್ಧ ಸರಿ. ಮೇಲೆ ಹೇಳಿದ ಬಿಸಿಲಿನ ಪ್ರೋಟೀನು, ಗಾಸಿಪಾಲಿನ ಕಿಣ್ವ, ಇವು ಒಂದೊಂದು ಹುಳು ತನ್ನ ಆಯುಷ್ಯದಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ. ಅದು ಸತ್ತರೆ ಅದೂ ಹೋಯಿತು. ನಿರೋಧಕತೆ ಬೇರೆ. ಅಲ್ಲಿ ಯಾವ ಹುಳುವೂ ಏನನ್ನೂ ರೂಢಿ ಮಾಡಿಕೊಳ್ಳುವುದಿಲ್ಲ. ಲಕ್ಷ ಹುಳುಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ವಿಷ ತಾಗದ ಮೈಕಟ್ಟು ಇರುತ್ತದೆ. ಸಿಂಪರಣೆ ಉಳಿದವನ್ನು ಕೊಂದು ಆ ಒಂದೆರಡಕ್ಕೆ ಹೊಲ ಖಾಲಿ ಮಾಡಿಕೊಡುತ್ತದೆ. ಮುಂದಿನ ತಲೆಮಾರು ಅವುಗಳದೇ. ಹುಳುವಿಗೆ ತಿಂಗಳಿಗೊಂದು ತಲೆಮಾರು, ಹೊಸ ರಾಸಾಯನಿಕ ಮಾರುಕಟ್ಟೆಗೆ ಬರುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಲೆಕ್ಕ ಎತ್ತ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಹೊಸ ಸುದ್ದಿಯೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳಲ್ಲಿ ಶಲ್ಕ ಕೀಟಗಳು ಗಂಧಕ-ಸುಣ್ಣದ ದ್ರಾವಣಕ್ಕೆ ಸಾಯುತ್ತಿಲ್ಲ ಎಂದು ಎ. ಎಲ್. ಮೆಲಾಂಡರ್ ಬರೆದದ್ದು 1914ರಲ್ಲಿ. ಆಗ ಡಿಡಿಟಿ ಬಳಕೆಗೇ ಬಂದಿರಲಿಲ್ಲ. ಈಗ ನಿರೋಧಕತೆ ಬೆಳೆಸಿಕೊಂಡ ಕೀಟ, ನುಸಿಗಳ ಜಾತಿಗಳು 600ಕ್ಕೂ ಹೆಚ್ಚು.

ಗದ್ದೆಯಲ್ಲಿ: ರೆಕ್ಕೆಯೋ ಮೊಟ್ಟೆಯೋ

ಹತ್ತಿಯಿಂದ ಸ್ವಲ್ಪ ಈಚೆ, ತುಂಗಭದ್ರಾ ಕಾಲುವೆಯ ಕೆಳಗೆ ಬಂದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳು. ಇಲ್ಲಿಯ ತಲೆನೋವು ಕಂದು ಜಿಗಿಹುಳು. ಬುಡದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಗುಂಪಾಗಿ ಕೂತು ರಸ ಹೀರುತ್ತದೆ. ಮೇಲಿನಿಂದ ನೋಡಿದರೆ ಪೈರು ಹಸಿರಾಗಿಯೇ ಇರುತ್ತದೆ. ಒಂದು ವಾರ ಬಿಟ್ಟು ಬಂದರೆ ಗದ್ದೆಯ ನಡುವೆ ದುಂಡಗೆ ಒಂದು ತುಂಡು ಒಣಗಿ ಕೆಂಪಾಗಿ ಕೂತಿರುತ್ತದೆ.

ಈ ಹುಳುವಿನ ಹೊಂದಾಣಿಕೆ ಹತ್ತಿಯ ಹುಳುವಿನದಕ್ಕಿಂತ ಪೂರ್ತಿ ಬೇರೆ. ಇದು ಮಲಗಿ ಕಾಯುವ ಜಾತಿಯಲ್ಲ, ಓಡಿಹೋಗುವ ಜಾತಿ. ಒಂದೇ ತಾಯಿಯ ಮಕ್ಕಳಲ್ಲಿ ಕೆಲವಕ್ಕೆ ಗಿಡ್ಡ ರೆಕ್ಕೆ, ಕೆಲವಕ್ಕೆ ಉದ್ದ ರೆಕ್ಕೆ. ಪೈರು ರಸಭರಿತವಾಗಿದ್ದು ಜಾಗ ಆರಾಮಾಗಿದ್ದರೆ ಗಿಡ್ಡ ರೆಕ್ಕೆಯವು ಹೆಚ್ಚು. ಅವಕ್ಕೆ ಹಾರಲು ಬರುವುದಿಲ್ಲ, ಆದರೆ ಮೊಟ್ಟೆ ಇಡುವುದರಲ್ಲಿ ಮುಂದು. ಗುಂಪು ದಟ್ಟವಾಗಿ ಪೈರು ಸೊರಗತೊಡಗಿದರೆ ಉದ್ದ ರೆಕ್ಕೆಯವು ಹೆಚ್ಚುತ್ತವೆ, ಗಾಳಿ ಹಿಡಿದು ಹೊಸ ಗದ್ದೆಗೆ ಹೊರಡುತ್ತವೆ. ಈ ತೀರ್ಮಾನವನ್ನು ನಿಯಂತ್ರಿಸುವುದು ಇನ್ಸುಲಿನ್ ಗ್ರಾಹಕಗಳು, ಅಂದರೆ ಇನ್ಸುಲಿನ್ನಿನ ಸಂದೇಶ ಹಿಡಿಯುವ ಪ್ರೋಟೀನುಗಳು, ಎಂದು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಒಂದು ಗ್ರಾಹಕ ಉದ್ದ ರೆಕ್ಕೆಯ ಕಡೆ ಎಳೆದರೆ ಇನ್ನೊಂದು ಅದನ್ನು ತಡೆದು ಗಿಡ್ಡ ರೆಕ್ಕೆ ಉಳಿಸುತ್ತದೆ. ಊಟ ಹೇಗಿದೆ ಎಂಬುದನ್ನು ಮೈಗೆ ತಿಳಿಸುವ ವ್ಯವಸ್ಥೆಯೇ ಊರು ಬಿಡಬೇಕೋ ಬೇಡವೋ ಎಂಬುದನ್ನೂ ನಿರ್ಧರಿಸುತ್ತದೆ.

ಈಗ ಇದಕ್ಕೆ ಎಣ್ಣೆ ಹೊಡೆದರೆ ಏನಾಗುತ್ತದೆ ನೋಡಿ. ಜಿಗಿಹುಳು ಮೊಟ್ಟೆಗಳನ್ನು ಎಲೆಕವಚದ ಒಳಗೆ, ಅಂಗಾಂಶವನ್ನು ಸೀಳಿ ತೂರಿಸಿ ಇಡುತ್ತದೆ. ಸಿಂಪರಣೆ ಮೊಟ್ಟೆಗೆ ತಾಗುವುದಿಲ್ಲ. ಗದ್ದೆಯ ನೀರಿನ ಮೇಲೆ ಓಡಾಡುವ ಜೇಡಗಳು ಮತ್ತು ಆ ಮೊಟ್ಟೆಗಳನ್ನೇ ಹುಡುಕಿ ಹೀರುವ ಮಿರಿಡ್ ತಿಗಣೆ ಮಾತ್ರ ಬಯಲಿನಲ್ಲಿ ಇರುವಂಥವು, ಅವು ಸಾಯುತ್ತವೆ. ವಾರ ಹತ್ತು ದಿನಕ್ಕೆ ಮೊಟ್ಟೆ ಒಡೆದು ಬರುವ ಮರಿಗಳಿಗೆ ಶತ್ರುವೇ ಇಲ್ಲದ ಗದ್ದೆ. ಸಾಲದ್ದಕ್ಕೆ, ಸಾಯುವಷ್ಟಲ್ಲದ ಪ್ರಮಾಣದ ಪೈರೆಥ್ರಾಯ್ಡ್ ಗುಂಪಿನ ಕೆಲವು ಕೀಟನಾಶಕಗಳು ತಗುಲಿದ ಹೆಣ್ಣುಗಳು ಮಾಮೂಲಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ. ಹುಳು ಇಲ್ಲದ ಹೊತ್ತಿನಲ್ಲಿ "ಮುಂಜಾಗ್ರತೆಗೆ" ಹೊಡೆದ ಗದ್ದೆಯೇ ಮೊದಲು ಒಣಗುವುದು ಇದರಿಂದ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ 1990ರ ದಶಕದಲ್ಲಿ ಬಂದಾಗ ಇನ್ನು ಚಿಂತೆಯಿಲ್ಲ ಅಂದುಕೊಂಡವರು ಬಹಳ. ಮುಂದಿನ ದಶಕದ ಮಧ್ಯಕ್ಕೆ ಏಷ್ಯಾದ ಹಲವು ಕಡೆ ಅದು ಸೋತಿತು. ಸೋಲಿಸಿದ್ದು ಮತ್ತೆ ಒಂದು ಪಿ450 ಕಿಣ್ವ. ಅದರ ವಂಶವಾಹಿಯ ಎರಡು ಮೂರು ನಕಲುಗಳನ್ನು ಇಟ್ಟುಕೊಂಡ ಹುಳುಗಳು ಉಳಿದುಕೊಂಡವು. ಗಂಗಾವತಿ ಭಾಗದ ಹುಳುಗಳಲ್ಲೂ ಹಲವು ಕೀಟನಾಶಕಗಳಿಗೆ ನಿರೋಧಕತೆ ದಾಖಲಾಗಿದೆ.

ಈ ಸುಳಿಯಿಂದ ಒಂದು ದೇಶ ಹೊರಬಂದ ಉದಾಹರಣೆ ಇದೆ. 1980ರ ದಶಕದ ಮಧ್ಯದಲ್ಲಿ ಇಂಡೋನೇಷ್ಯಾದಲ್ಲಿ ಸರ್ಕಾರವೇ ಕೀಟನಾಶಕಕ್ಕೆ ಭಾರಿ ಸಬ್ಸಿಡಿ ಕೊಡುತ್ತಿತ್ತು, ಜಿಗಿಹುಳು ಜಾವಾದ ಗದ್ದೆಗಳನ್ನು ನುಂಗುತ್ತಿತ್ತು. ಹುಳುವನ್ನು ಬೆಳೆಸುತ್ತಿರುವುದೇ ಸಿಂಪರಣೆ ಎಂದು ವಿಜ್ಞಾನಿಗಳು ಹೊಲದಲ್ಲಿ ತೋರಿಸಿಕೊಟ್ಟರು. 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ 57 ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ಆದೇಶ ಹೊರಡಿಸಿದರು. 1989ರ ಹೊತ್ತಿಗೆ ಸಬ್ಸಿಡಿಯೂ ನಿಂತಿತು. ಭತ್ತದ ಇಳುವರಿ ಬೀಳಲಿಲ್ಲ. ಇವತ್ತು ನಮ್ಮಲ್ಲೂ ಬಳಕೆಯಲ್ಲಿರುವ ರೈತರ ಹೊಲಶಾಲೆ ಎಂಬ ಕಲ್ಪನೆ ಆ ಗದ್ದೆಗಳಿಂದಲೇ ಬಂದದ್ದು.

ನಮ್ಮ ಗದ್ದೆಗೆ ಬೇಕಾದ್ದು ಗುಟ್ಟಿನ ವಿದ್ಯೆಯೇನಲ್ಲ. ನಾಟಿ ಮಾಡುವಾಗ ಎರಡು ಮೂರು ಮೀಟರಿಗೊಂದು ಅಡಿಯಷ್ಟು ಜಾಗ ಖಾಲಿ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಹೋಗುತ್ತದೆ. ಯೂರಿಯಾ ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಟ್ಟರೆ ಪೈರು ಅಷ್ಟು ರಸವೇರುವುದಿಲ್ಲ. ನಡುನಡುವೆ ನೀರು ಬಸಿಯಬೇಕು. ವಾರಕ್ಕೊಮ್ಮೆ ಬಗ್ಗಿ ಬುಡ ತಟ್ಟಿ, ಹುಳುವನ್ನೂ ಜೇಡವನ್ನೂ ಎಣಿಸಬೇಕು. ಬುಡಕ್ಕೆ 5ರಿಂದ 10 ಹುಳು ದಾಟಿದರೆ ಮಾತ್ರ ಮುಂದಿನ ಯೋಚನೆ. ಬಗ್ಗಿ ಎಣಿಸುವುದು ಸೊಂಟನೋವಿನ ಕೆಲಸ, ನಿಜ. ಪಂಪು ಹೊತ್ತು ಹೊಡೆಯುವುದು ಅದಕ್ಕಿಂತ ಹಗುರವೇನಲ್ಲ.

ಬಿಟಿ ಸೋತದ್ದು ಎಲ್ಲಿ, ಗೆದ್ದದ್ದು ಎಲ್ಲಿ

ಮತ್ತೆ ಹತ್ತಿಗೆ ಬರೋಣ. ಗುಲಾಬಿ ಕಾಯಿಕೊರಕಕ್ಕೆ ಸಿಂಪರಣೆ ಯಾವತ್ತೂ ಸರಿಯಾಗಿ ತಾಗಿಲ್ಲ. ಮೊಟ್ಟೆಯೊಡೆದ ಮರಿ ಸ್ವಲ್ಪ ಹೊತ್ತಿನಲ್ಲೇ ಹೂವಿನೊಳಗೋ ಕಾಯಿಯೊಳಗೋ ನುಗ್ಗುತ್ತದೆ, ಹೊಕ್ಕ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಗೆ ಏನು ಹೊಡೆದರೂ ಒಳಗಿನದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದಲೇ ಬಿಟಿ ಹತ್ತಿ ಬಂದಾಗ ಅದು ದೊಡ್ಡ ನೆಮ್ಮದಿ. ಭಾರತದಲ್ಲಿ 2002ರಲ್ಲಿ ಒಂದು ವಿಷದ ಬಿಟಿ, 2006ರಲ್ಲಿ ಎರಡು ವಿಷದ ಬಿಟಿ. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ 90 ಪ್ರತಿಶತಕ್ಕೂ ಹೆಚ್ಚು ಭಾಗ ಬಿಟಿ ಆಯಿತು. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳ ಗುಲಾಬಿ ಹುಳು ಮೊದಲ ವಿಷಕ್ಕೆ ಬಗ್ಗುತ್ತಿಲ್ಲ ಎಂದು ಬೀಜ ಕಂಪನಿಯೇ ಒಪ್ಪಿಕೊಂಡಿತು. ಅದರ ಮುಂದಿನ ದಶಕದಲ್ಲಿ ಎರಡನೆಯದೂ ಕೈಕೊಟ್ಟಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರದ ಹತ್ತಿಗೆ ಎಣ್ಣೆ ಹೊಡೆಯಲು ಹೋದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷವೇರಿ ಸತ್ತರು. ಆ ವರ್ಷದ ಕಾಯಿಕೊರಕದ ಹಾವಳಿಯನ್ನು ಇಳುವರಿಯ ಅಂಕಿಯಲ್ಲಷ್ಟೇ ಬರೆಯಬಾರದು.

ಇದೇ ಹುಳು, ಇದೇ ಬಿಟಿ ವಿಷ ಅಮೆರಿಕದ ಅರಿಜೋನಾದಲ್ಲಿ ಬೇರೆಯೇ ಕಥೆ ಬರೆದವು. ಅದನ್ನು ತಿಳಿಯಲು ಸ್ವಲ್ಪ ತಳಿವಿಜ್ಞಾನ ಬೇಕು. ಬಿಟಿ ವಿಷ ಕೆಲಸ ಮಾಡಬೇಕಾದರೆ ಹುಳುವಿನ ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅದು ಅಂಟಬೇಕು. ಆ ಪ್ರೋಟೀನು ಕೆಟ್ಟಿರುವ ಹುಳುವಿಗೆ ವಿಷ ಅಂಟುವುದಿಲ್ಲ. ಆದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಅದರ ವಂಶವಾಹಿಯ ಎರಡೂ ನಕಲು ಕೆಟ್ಟಿದ್ದರೆ ಮಾತ್ರ ಹುಳು ಬದುಕುತ್ತದೆ. ಒಂದು ಸರಿಯಿದ್ದರೂ ವಿಷ ಅಂಟುತ್ತದೆ, ಹುಳು ಸಾಯುತ್ತದೆ. ಹಾಗಾಗಿ ಬಿಟಿ ಹೊಲದಲ್ಲಿ ಬದುಕಿ ಬಂದ ಅಪರೂಪದ ಪತಂಗಕ್ಕೆ ಸಾಮಾನ್ಯ ಪತಂಗವೇ ಜೋಡಿಯಾಗಿ ಸಿಗುವಂತೆ ಮಾಡಿದರೆ ಅವುಗಳ ಮಕ್ಕಳೆಲ್ಲ ಬಿಟಿಗೆ ಬಲಿ. ಆ ಸಾಮಾನ್ಯ ಪತಂಗಗಳು ಹುಟ್ಟಲಿ ಎಂದೇ ಪಕ್ಕದಲ್ಲಿ ಬಿಟಿ ಇಲ್ಲದ ಹತ್ತಿ ಬೆಳೆಯಬೇಕು, ಅದನ್ನು ಹುಳುವಿಗೆ ಬಿಡಬೇಕು. ಹುಳುವನ್ನು ಉಳಿಸಿ ಹುಳುವನ್ನು ಸೋಲಿಸುವ ಲೆಕ್ಕ ಇದು.

ಅರಿಜೋನಾದ ರೈತರು ಹತ್ತು ವರ್ಷ ಹಾಗೆ ಬೆಳೆದರು. 2006ರಿಂದ ಇನ್ನೊಂದು ಹೆಜ್ಜೆ ಇಟ್ಟರು. ವಿಕಿರಣ ಹಾಯಿಸಿ ಸಂತಾನಹೀನ ಮಾಡಿದ ಪತಂಗಗಳನ್ನು ವಿಮಾನದಿಂದ ಕೋಟಿಗಟ್ಟಲೆ ಹೊಲಗಳ ಮೇಲೆ ಬಿಟ್ಟರು. ಹೊಲದಲ್ಲೇ ಹುಟ್ಟಿದ ಪತಂಗಕ್ಕೆ ಜೋಡಿ ಸಿಕ್ಕರೂ ಫಲವಿಲ್ಲ. 2018ರ ಅಕ್ಟೋಬರಿನಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಗಿದೆ ಎಂದು ಘೋಷಿಸಿತು. ಒಂದು ಶತಮಾನ ಕಾಡಿದ ಹುಳು.

ನಮ್ಮಲ್ಲೂ ನಿಯಮವಿತ್ತು. 450 ಗ್ರಾಂ ಬಿಟಿ ಬೀಜದ ಪ್ಯಾಕೆಟ್ಟಿನ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಪುಟ್ಟ ಪೊಟ್ಟಣ ಬರುತ್ತಿತ್ತು. ಹೊಲದ ಸುತ್ತ ಹಾಕಬೇಕು. ಬಹುತೇಕ ಯಾರೂ ಹಾಕಲಿಲ್ಲ. ರೈತರಿಗೆ ಬುದ್ಧಿಯಿಲ್ಲ ಎಂದು ಇದಕ್ಕೆ ಷರಾ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂರೆಕರೆಯ ರೈತನಿಗೆ ಐದನೇ ಒಂದು ಭಾಗವನ್ನು ಹುಳುವಿಗೆ ಬಿಡು ಅನ್ನುವಾಗ ಏಕೆ ಎಂದು ಕೂತು ಹೇಳಿದವರೂ ಇಲ್ಲ, ಆದ ನಷ್ಟ ತುಂಬಿಕೊಟ್ಟವರೂ ಇಲ್ಲ. ಜೊತೆಗೆ ನಮ್ಮ ಬಿಟಿ ಹತ್ತಿ ಹೈಬ್ರಿಡ್. ಅದರ ಕಾಯಿಯೊಳಗಿನ ಬೀಜಗಳು ಮುಂದಿನ ತಲೆಮಾರಿನವು, ಎಲ್ಲ ಬೀಜದಲ್ಲೂ ವಿಷ ಇರುವುದಿಲ್ಲ. ಒಂದೇ ವಿಷದ ಬಿಟಿಯಾದರೆ ಸರಾಸರಿ ನಾಲ್ಕು ಬೀಜಕ್ಕೊಂದು ವಿಷವಿಲ್ಲದ್ದು. ಬೀಜದಿಂದ ಬೀಜಕ್ಕೆ ಕೊರೆಯುತ್ತ ಹೋಗುವ ಹುಳುವಿಗೆ ಇಲ್ಲಿ ಪೂರ್ತಿ ಪ್ರಮಾಣದ ವಿಷ, ಅಲ್ಲಿ ಏನೂ ಇಲ್ಲ. ಅರೆಬರೆ ನಿರೋಧಕತೆಯ ಹುಳುಗಳೂ ಬದುಕಿ ಬರುವುದಕ್ಕೆ ಇದಕ್ಕಿಂತ ಅನುಕೂಲ ಬೇಡ. ಹೈಬ್ರಿಡ್ಡೇ ಬೇಕೆಂದು ಹಟ ಹಿಡಿದ ಬೀಜ ವ್ಯಾಪಾರದ ಪಾಲು ಈ ಸೋಲಿನಲ್ಲಿ ರೈತನ ಪಾಲಿಗಿಂತ ದೊಡ್ಡದು.

ನಿದ್ದೆಯ ಲೆಕ್ಕ

ಈಗ ಮೊದಲು ನೋಡಿದ ಜೋಡಿಬೀಜದ ನಿದ್ದೆ. ವಿಜ್ಞಾನದಲ್ಲಿ ಅದಕ್ಕೆ ಡಯಾಪಾಸ್ ಎನ್ನುತ್ತಾರೆ. ಚಳಿಗೆ ಮರಗಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಮರಗಟ್ಟಿದ ಹುಳು ಬಿಸಿಲು ಬಿದ್ದ ಕೂಡಲೇ ಏಳುತ್ತದೆ. ಡಯಾಪಾಸ್ ಮೊದಲೇ ಹೂಡಿಕೊಂಡ ಯೋಜನೆ. ಹಗಲು ಸುಮಾರು 13 ಗಂಟೆಗಿಂತ ಕಿರಿದಾಗುತ್ತ ಬಂದಾಗ, ರಾತ್ರಿ ತಣ್ಣಗಾದಾಗ, ಕಾಯಿ ಬಲಿತು ಬೀಜದಲ್ಲಿ ನೀರು ಕಡಿಮೆಯಾಗಿ ಎಣ್ಣೆಯಂಶ ಹೆಚ್ಚಿದಾಗ ಹುಳುವಿನ ಮೈ ಈ ಸೂಚನೆಗಳನ್ನು ಕೂಡಿಸಿ ನೋಡುತ್ತದೆ. ಆಹಾರ ಇನ್ನೂ ಇರುವಾಗಲೇ ಕೊಬ್ಬು ಸಂಗ್ರಹಿಸಿ, ಬೆಳವಣಿಗೆಯ ಹಾರ್ಮೋನುಗಳನ್ನು ತಡೆಹಿಡಿದು ಮಲಗುತ್ತದೆ. ಬೇಸಿಗೆ ಮುಗಿದು ಹಗಲು ಉದ್ದವಾಗಿ ತೇವ ಬಂದಾಗ ಎದ್ದು ಕೋಶವಾಗಿ ಪತಂಗವಾಗುತ್ತದೆ.

ಸಹನೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಈ ಯೋಜನೆಯಲ್ಲಿ ಒಂದು ಬಿರುಕಿದೆ. ಹಗಲು, ತೇವ, ಬಿಸಿ ನೋಡಿ ಏಳುವ ಹುಳುವಿಗೆ ಹೊರಗೆ ಹತ್ತಿ ಮೊಗ್ಗು ಬಿಟ್ಟಿದೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಎದ್ದ ಪತಂಗದ ಆಯುಷ್ಯ ಒಂದೆರಡು ವಾರ. ಅಷ್ಟರಲ್ಲಿ ಮೊಗ್ಗೋ ಹೂವೋ ಸಿಗದಿದ್ದರೆ ಮರಿಗಳಿಗೆ ಬದುಕಿಲ್ಲ. ಇದನ್ನು ಕೀಟಶಾಸ್ತ್ರಜ್ಞರು ಆತ್ಮಹತ್ಯೆಯ ಏಳುವಿಕೆ ಎಂದೇ ಕರೆಯುತ್ತಾರೆ. ಹೊಲದಲ್ಲಿ ಹತ್ತಿಯೇ ಇಲ್ಲದ ನಾಲ್ಕೈದು ತಿಂಗಳು, ಆಮೇಲೆ ಇಡೀ ಸೀಮೆಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬಿತ್ತನೆ. ಇಷ್ಟಾದರೆ ಎದ್ದ ಪತಂಗಗಳಲ್ಲಿ ಬಹುಪಾಲು ತಾವಾಗಿಯೇ ಮುಗಿಯುತ್ತವೆ. ವಿಷ ತಾಳುವ ಕಿಣ್ವವಾಗಲಿ ಕೆಟ್ಟ ಕ್ಯಾಡ್‌ಹೆರಿನ್ ಆಗಲಿ ಹಸಿದ ಮರಿಗೆ ಉಪಯೋಗಕ್ಕೆ ಬರುವುದಿಲ್ಲ.

ಈ ತಿಳಿವಳಿಕೆ ಎಷ್ಟು ಹಳೆಯದು ಅಂದರೆ, ಬಳ್ಳಾರಿಯನ್ನೂ ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1919ರಲ್ಲೇ ಬೆಳೆಪೀಡೆಗಳ ಕಾಯ್ದೆ ಬಂತು. ಅದರಡಿ ಕೊಯಮತ್ತೂರು ಕಡೆ ನಿಗದಿತ ದಿನದೊಳಗೆ ಹತ್ತಿ ಗಿಡ ಕಿತ್ತುಹಾಕಬೇಕಿತ್ತು. ಈಗ ನಾವು ಮಾಡುತ್ತಿರುವುದು ತಿರುಗಾಮುರುಗಾ. 160 ದಿನಕ್ಕೆ ಮುಗಿಯಬೇಕಾದ ಬೆಳೆಯನ್ನು ನೀರು ಹಾಯಿಸಿ 200 ದಿನ ದಾಟಿಸುತ್ತೇವೆ. ಕೊನೆಯ ಒಂದು ಕ್ವಿಂಟಲ್ ಆಸೆಗೆ ಫೆಬ್ರವರಿಯವರೆಗೆ ಗಿಡ ಉಳಿಸುತ್ತೇವೆ. ಬೋರು ಇದ್ದವರು ಮೇ ತಿಂಗಳಲ್ಲೇ ಬಿತ್ತುತ್ತಾರೆ, ಬೇಗ ಎದ್ದ ಪತಂಗಕ್ಕೆ ಜುಲೈ ಹೊತ್ತಿಗೆ ಮೊಗ್ಗು ಸಿದ್ಧ. ಕಿತ್ತ ಹತ್ತಿಕಟ್ಟಿಗೆಯನ್ನು ಒಲೆಗೆಂದು ಮನೆಯ ಹಿಂದೆ ಒಟ್ಟುತ್ತೇವೆ, ಉಳಿದ ಕಾಯಿಗಳ ಸಮೇತ.

ಈ ಕ್ಯಾಲೆಂಡರಿನ ಮೇಲೆ ಉಳಿದ ಉಪಾಯಗಳು ಕೂರುತ್ತವೆ. ಬಿತ್ತಿದ 45 ದಿನದ ಹೊತ್ತಿಗೆ ಮೋಹಕ ಬಲೆ ಕಟ್ಟಬೇಕು. ಹೆಣ್ಣು ಪತಂಗದ ವಾಸನೆಯನ್ನು ರಸಾಯನವಾಗಿ ತಯಾರಿಸುವುದು 1973ರಿಂದ ಗೊತ್ತಿದೆ. ಒಂದು ಬಲೆಗೆ ರಾತ್ರಿಗೆ 8 ಗಂಡು ಪತಂಗ, ಸತತ 3 ರಾತ್ರಿ ಬಿದ್ದರೆ ಎಚ್ಚರಿಕೆ. ಅದೇ ವಾಸನೆಯನ್ನು ಹಗ್ಗದಂಥ ತುಣುಕುಗಳಲ್ಲಿ ತುಂಬಿ ಹೊಲದ ತುಂಬ ಕಟ್ಟಿದರೆ ಗಂಡಿಗೆ ಹೆಣ್ಣು ಎಲ್ಲಿದೆ ಎಂದು ಪತ್ತೆಯಾಗುವುದಿಲ್ಲ. ಆದರೆ ಒಬ್ಬರ ಎರಡೆಕರೆಯಲ್ಲಿ ಕಟ್ಟಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಇಲ್ಲಿಗೆ ಹಾರಿ ಬರುತ್ತದೆ. ಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ ಟ್ರೈಕೋಗ್ರಾಮಾ ಜಾತಿಯ ಸಾಸಿವೆಗಿಂತ ಚಿಕ್ಕ ಕಣಜವನ್ನು ಕಾರ್ಡುಗಳಲ್ಲಿ ತಂದು ಎಲೆಗೆ ಪಿನ್ ಮಾಡಬಹುದು. ಕಾರ್ಡು ಕಟ್ಟಿದ ವಾರ ಎಣ್ಣೆ ಹೊಡೆದರೆ ದುಡ್ಡು ದಂಡ.

ಪರಾವಲಂಬಿ ಕಣಜಗಳ ಬಲ ಕರ್ನಾಟಕಕ್ಕೆ ಹೊಸದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟುತಿಗಣೆ ನಮ್ಮ ಹಿಪ್ಪುನೇರಳೆಗೂ ಹತ್ತಿತು. ರೇಷ್ಮೆಹುಳು ತಿನ್ನುವ ಸೊಪ್ಪಿಗೆ ವಿಷ ಹೊಡೆಯುವಂತಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯ ಮೂಲಕ ಅಸಿರೋಫೇಗಸ್ ಪಪಾಯೇ ಎಂಬ ಕಣಜ ಹೊರದೇಶದಿಂದ ಬಂತು, ಬೆಳೆಸಿ ಹಂಚಿದರು. ತಿಂಗಳುಗಳಲ್ಲಿ ಹಾವಳಿ ಇಳಿಯಿತು, ಆಮೇಲೆ ಯಾರೂ ಏನೂ ಕೊಳ್ಳಬೇಕಾಗಲಿಲ್ಲ. ಇಂಥ ಗೆಲುವಿಗೆ ಜಾಹೀರಾತು ಇರುವುದಿಲ್ಲ, ಮಾರುವುದಕ್ಕೆ ಏನೂ ಉಳಿದಿರುವುದಿಲ್ಲವಲ್ಲ.

ಸಾವಯವಕ್ಕೂ ಹೊಂದಿಕೊಳ್ಳುತ್ತವೆ

ರಾಸಾಯನಿಕ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹುಳುವಿಗೆ ಒತ್ತಡ ಒತ್ತಡವೇ, ಅದು ಸಾವಯವವೋ ಅಲ್ಲವೋ ಎಂದು ಅದು ಕೇಳುವುದಿಲ್ಲ. ಅಮೆರಿಕದಲ್ಲಿ ಮೆಕ್ಕೆಜೋಳದ ಬೇರುಹುಳುವನ್ನು ಹತ್ತಿಕ್ಕಲು ಒಂದು ವರ್ಷ ಜೋಳ, ಒಂದು ವರ್ಷ ಸೋಯಾ ಎಂದು ಬೆಳೆ ಬದಲಿಸುತ್ತಿದ್ದರು. ದಶಕಗಳ ಮೇಲೆ ಒಂದು ಜಾತಿಯ ಮೊಟ್ಟೆಗಳು ನೆಲದಲ್ಲೇ ಎರಡು ಚಳಿಗಾಲ ಮಲಗಿ, ಮತ್ತೆ ಜೋಳ ಬಂದ ವರ್ಷ ಒಡೆಯತೊಡಗಿದವು. ಇಲಿನಾಯ್‌ನಲ್ಲಿ ಇನ್ನೊಂದು ಜಾತಿ ಸೋಯಾ ಹೊಲಕ್ಕೇ ಹೋಗಿ ಮೊಟ್ಟೆಯಿಡಲು ಕಲಿತಿತು, ಮುಂದಿನ ವರ್ಷ ಅಲ್ಲಿ ಜೋಳವೇ ತಾನೆ. ಜಪಾನಿನ ಶಿಜುವೊಕಾದ ಚಹಾ ತೋಟಗಳಲ್ಲಿ ಎಲೆಸುರುಳಿ ಪತಂಗವೊಂದು ವಾಸನೆಯ ಗೊಂದಲವನ್ನೇ ದಾಟಿತು. ಅಲ್ಲಿ ಬಳಸಿದ್ದು ಹೆಣ್ಣಿನ ವಾಸನೆಯ ಒಂದೇ ಘಟಕ. ಪೂರ್ಣ ಮಿಶ್ರಣ ಬಳಸಿದ ಮೇಲೆ ಮತ್ತೆ ಗೊಂದಲಕ್ಕೆ ಬಿತ್ತು.

ಹವಾಮಾನವೂ ಪಕ್ಷ ಬದಲಿಸುತ್ತಿದೆ. ಭೂಮಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಗೋಧಿ, ಭತ್ತ, ಮೆಕ್ಕೆಜೋಳದಲ್ಲಿ ಕೀಟಗಳಿಂದಾಗುವ ನಷ್ಟ ಶೇ. 10ರಿಂದ 25ರಷ್ಟು ಹೆಚ್ಚಬಹುದು ಎಂದು 2018ರ ಒಂದು ಅಧ್ಯಯನ ಅಂದಾಜಿಸಿತು. ಪೆಟ್ಟು ಜೋರಾಗಿ ಬೀಳುವುದು ತಂಪು ದೇಶಗಳಿಗೆ. ನಮ್ಮ ಕೀಟಗಳಲ್ಲಿ ಹಲವು ಈಗಲೇ ತಾಳಿಕೆಯ ಅಂಚಿನಲ್ಲಿವೆ. ಕಂದು ಜಿಗಿಹುಳುವಿನ ಹೊಟ್ಟೆಯಲ್ಲಿ ಅದಕ್ಕೆ ಬೇಕಾದ ಪೋಷಕಾಂಶ ತಯಾರಿಸಿಕೊಡುವ ಯೀಸ್ಟ್ ಬಗೆಯ ಜೀವಿಗಳಿವೆ, ಬಿಸಿ ಹೆಚ್ಚಾದರೆ ಮೊದಲು ಕಡಿಮೆಯಾಗುವುದು ಅವು. ಬದಲಿಗೆ ಚಳಿಯೇ ಇಲ್ಲದ ಊರು ಬೇಕಾದ ಹುಳುಗಳಿಗೆ ಸುಗ್ಗಿ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾದ ಫಾಲ್ ಸೈನಿಕ ಹುಳುವಿಗೆ ಡಯಾಪಾಸ್ ಎಂಬುದೇ ಇಲ್ಲ. ತಾಯ್ನಾಡಾದ ಅಮೆರಿಕ ಖಂಡದಲ್ಲಿ ಪ್ರತಿ ಚಳಿಗಾಲ ಅದು ಉತ್ತರದಲ್ಲಿ ಸಾಯುತ್ತದೆ, ಬೆಚ್ಚಗಿನ ದಕ್ಷಿಣದಲ್ಲಿ ಉಳಿದದ್ದು ಮತ್ತೆ ಹಾರಿ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಓಡುವ ಅಗತ್ಯವೇ ಬೀಳಲಿಲ್ಲ. ಅದರ ಮೇಲೆ ನಿದ್ದೆಯ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಬೇರೆ ದಾರಿ ಹುಡುಕಬೇಕು.

ಹಾಗಾಗಿ ಒಂದೇ ಉಪಾಯವನ್ನು ಎಷ್ಟೇ ಒಳ್ಳೆಯದಾದರೂ ವರ್ಷವರ್ಷ ಒಂದೇ ಸಮ ಹೇರಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಮೂರ್ನಾಲ್ಕು ಒತ್ತಡಗಳನ್ನು, ಹುಳುವಿನ ಬದುಕಿನ ಬೇರೆಬೇರೆ ಘಟ್ಟದಲ್ಲಿ, ಅಗತ್ಯ ಬಿದ್ದಾಗ ಮಾತ್ರ ಒಡ್ಡಬೇಕು. ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು 1959ರಲ್ಲಿ ಮುಂದಿಟ್ಟ ಸಮಗ್ರ ನಿಯಂತ್ರಣದ ತಿರುಳು ಇದೇ. ಅವರು ಹೊಲದಲ್ಲಿ ಹುಳುವೇ ಇರಬಾರದು ಎನ್ನಲಿಲ್ಲ. ನಷ್ಟವು ನಿಯಂತ್ರಣದ ಖರ್ಚನ್ನು ಮೀರುವ ಹೊತ್ತಿನವರೆಗೆ ಅದನ್ನು ಸಹಿಸಿ ಎಂದರು.

ಹತ್ತಿಯ ಮಟ್ಟಿಗೆ ಇದನ್ನು ಒಬ್ಬ ರೈತ ಮಾಡಲಾರ, ಒಂದು ಹೋಬಳಿ ಒಟ್ಟಾಗಿ ಮಾಡಬಹುದು. ಡಿಸೆಂಬರ್ ಕೊನೆಗೆ ಬೆಳೆ ಮುಗಿಸುವುದು, ಕಟ್ಟಿಗೆಯನ್ನು ಒಟ್ಟದೆ ಹೊಲದಲ್ಲೇ ಯಂತ್ರದಿಂದ ಪುಡಿಮಾಡುವುದು, ಮಾಗಿ ಉಳುಮೆ, 150 ದಿನಕ್ಕೆ ಮುಗಿಯುವ ತಳಿಯನ್ನು ದಟ್ಟವಾಗಿ ಹಾಕುವುದು. ಇವುಗಳ ಮೊದಲ ವರ್ಷದ ನಷ್ಟಕ್ಕೆ ಯಾರಾದರೂ ಹೆಗಲು ಕೊಡಬೇಕು, ಇಲ್ಲದಿದ್ದರೆ ಕೊನೆಯ ಬಿಡಿಸುವಿಕೆಯ ಆಸೆ ಗೆಲ್ಲುತ್ತದೆ. ಹೊಲದ ಆಚೆಗೂ ಒಂದು ಜಾಗವಿದೆ, ಅದರ ಕಡೆ ಗಮನ ಹೋಗುವುದು ಕಡಿಮೆ. ಹತ್ತಿಯ ಜೊತೆ ಜೋಡಿಬೀಜಗಳೂ ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಿಗೆ ಬರುತ್ತವೆ. ಅಂಗಳದ ರಾಶಿಯಲ್ಲಿ, ಎಣ್ಣೆಮಿಲ್ಲಿಗೆ ಹೋಗಬೇಕಾದ ಹತ್ತಿಕಾಳಿನ ಮೂಟೆಗಳಲ್ಲಿ ಹುಳು ಬೇಸಿಗೆ ಕಳೆಯುತ್ತದೆ, ಮಳೆ ಬಿದ್ದಾಗ ಸುತ್ತಲಿನ ಹೊಲಗಳಿಗೆ ಹಾರುತ್ತದೆ. ಮಿಲ್ಲಿನ ಅಂಗಳದಲ್ಲಿ ವರ್ಷವಿಡೀ ಮೋಹಕ ಬಲೆಗಳಿರಬೇಕು, ಮುಂಗಾರಿಗೆ ಮೊದಲೇ ಕಾಳು ಗಾಣಕ್ಕೆ ಹೋಗಬೇಕು, ಕಸ ಸುಡಬೇಕು. ಒಂದು ತಾಲ್ಲೂಕಿನಲ್ಲಿ ಹೊಲಗಳು ಸಾವಿರಾರು, ಮಿಲ್ಲುಗಳು ಬೆರಳೆಣಿಕೆಯಷ್ಟು. ಸರ್ಕಾರಿ ಆದೇಶ ಸುಲಭವಾಗಿ ಜಾರಿಯಾಗಬಲ್ಲ ಜಾಗ ಅದು.